ಐವಿಗೆ ಗೋವಾ, ಅಪ್ಪನಿಗೆ ರಿನ್ಯೂವಲ್

ಹಣಕಾಸು ಓದುವ ಹುಡುಗ ಹುಡುಗಿಯರನ್ನು ಕ್ಷೇತ್ರ ಅಧ್ಯಯನಕ್ಕೆ, ಅಂದರೆ ‘ಐವಿ’ಗೆ (ಇಂಡಸ್ಟ್ರಿಯಲ್ ವಿಸಿಟ್), ಕರೆದೊಯ್ಯುವ ವಿಚಾರದಲ್ಲಿ ನಮ್ಮ ಸೀಮೆಯ ಸ್ನಾತಕೋತ್ತರ ವಿಭಾಗಗಳು ಒಂದು ತತ್ವವನ್ನು ಬಿಡದೆ ಪಾಲಿಸುತ್ತವೆ: ಊರಿನಿಂದ ಎಷ್ಟು ದೂರವೋ ಅಷ್ಟು ಜ್ಞಾನ. ಶಿಕಾರಿಪುರ, ಸೊರಬದಲ್ಲಿ ಓಡಾಡುವುದು ಬರೀ ದುಡ್ಡು. ಫೈನಾನ್ಸ್ ಇರುವುದು ಮುಂಬೈಯಲ್ಲಿ.

ಇದಕ್ಕೆ ಶಾಸನದ ಆಧಾರವೂ ಉಂಟು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ನಿಂತಿರುವ ಕಂಬ ಹೇಳುವ ಪ್ರಕಾರ, ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಗುರು ವೀರಶರ್ಮರ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಓದು ಅಲ್ಲಿಗೇ ನಿಂತಿತು, ಆಸಾಮಿ ಕತ್ತಿ ಹಿಡಿದು ಕದಂಬ ರಾಜ್ಯವನ್ನೇ ಕಟ್ಟಿದ. ಪ್ಲೇಸ್‌ಮೆಂಟ್ ಅಂದರೆ ಅದು. ಈಗಿನವರು ಪ್ರವಾಸ ಮುಗಿಸಿ ತರುವುದು ಗೋವಾದ ಗೋಡಂಬಿ ಮತ್ತು ಒಂದು ಟೀ ಶರ್ಟು.

ಪ್ರವಾಸ ಯೋಜನಾ ಸಭೆ ಹೇಗಿರುತ್ತದೆಂದು ಎಂ.ಕಾಂ., ಎಂಬಿಎ ಓದಿದವರಿಗೆ ಹೇಳಬೇಕಾಗಿಲ್ಲ. ಕಾಲೇಜಿನ ಹೆಸರು ಬೇಡ, ಎಲ್ಲ ಕಡೆಯೂ ಅದೇ ಬಿಸ್ಕತ್ತು, ಅದೇ ಅರ್ಧ ಲೋಟ ಚಹಾ. ವಿಭಾಗದ ಮುಖ್ಯಸ್ಥರ ಮೊದಲ ಪ್ರಶ್ನೆ, ‘ಗ್ರೇಡ್ ಕೊಡೋ ನ್ಯಾಕ್‌ನವರಿಗೆ ಏನು ತೋರಿಸೋದು?’ ಜಿಯೋಟ್ಯಾಗ್ ಇರುವ ಫೋಟೊ, ಸಹಿ ಹಾಕಿದ ಹಾಜರಿ ಪಟ್ಟಿ, ಫೀಡ್‌ಬ್ಯಾಕ್ ಫಾರ್ಮು, ಎಲ್ಲರ ಮುಖಕ್ಕಿಂತ ದೊಡ್ಡದಾದ ಫ್ಲೆಕ್ಸ್ ಬ್ಯಾನರು. ಇಷ್ಟು ಇತ್ಯರ್ಥವಾದರೆ ಅರ್ಧ ಪ್ರವಾಸ ಮುಗಿದಂತೆಯೇ. ವರದಿಯ ಚಿಂತೆ ಇಲ್ಲ. ಹೋದ ವರ್ಷದ್ದರಲ್ಲಿ ತಾರೀಖು ತಿದ್ದಿದರಾಯಿತು, ವಿದ್ಯಾರ್ಥಿಗಳಿಗೆ ಆದ ಪ್ರಯೋಜನ ಬದಲಾಗಿರುವುದಿಲ್ಲ.

ಆಮೇಲೆ ಸ್ಥಳ. ದಲಾಲ್ ಸ್ಟ್ರೀಟಿಗೆ ಸರ್ವಾನುಮತ. 1875ರಲ್ಲಿ ಶುರುವಾದ ಮುಂಬೈ ಷೇರು ಪೇಟೆಯಲ್ಲಿ ದಲ್ಲಾಳಿಗಳು ಕೈ ಎತ್ತಿ ಕೂಗಾಡುತ್ತಿದ್ದ ಕಾಲವೊಂದಿತ್ತು. 1995ರಲ್ಲಿ ವ್ಯವಹಾರವೆಲ್ಲ ಕಂಪ್ಯೂಟರಿಗೆ ಹೋಯಿತು, ಕೂಗು ನಿಂತಿತು. ಈಗ ಅಲ್ಲಿ ನೋಡಲು ಇರುವುದು ಕಟ್ಟಡ ಮತ್ತು ಕಂಚಿನ ಗೂಳಿ. ಗೂಳಿ ನೋಡಲು ಶಿರಾಳಕೊಪ್ಪದ ಹುಡುಗ ಮುಂಬೈಗೆ ಹೋಗಬೇಕಾದ್ದು ಕಾಲದ ಮಹಿಮೆ. ವಾಪಸ್ ಬರುವಾಗ ಗೋವಾ. ಶಿಕಾರಿಪುರಕ್ಕೆ ಬರಲು ಸಮುದ್ರ ಮುಟ್ಟಲೇಬೇಕೆಂದು ಭೂಪಟ ಹೇಳುವುದಿಲ್ಲ, ಬಸ್ಸಿನ ಏಜೆಂಟರು ಹೇಳುತ್ತಾರೆ. ‘ಪ್ರವಾಸೋದ್ಯಮದ ಹಣಕಾಸು’ ಎಂದು ಬರೆದರೆ ಎರಡು ದಿನದ ಬೀಚು ಸಿಲಬಸ್ಸಿನೊಳಗೆ ಬಂದು ಕೂರುತ್ತದೆ.

ಇಂಥ ಸಭೆಯಲ್ಲಿ ಒಬ್ಬ ಅತಿಥಿ ಉಪನ್ಯಾಸಕ ಬಾಯಿ ತೆರೆದನೆನ್ನಿ. ಸಂಬಳ ಯಾವ ತಿಂಗಳು ಬರುತ್ತದೆಂದು ತಿಳಿಯದೆ ಬದುಕುವವನಿಗೆ ಕ್ಯಾಶ್ ಫ್ಲೋ ಎಂದರೇನೆಂದು ಮಿಕ್ಕವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

‘ಸರ್, ಈ ಸಲ ಇಲ್ಲೇ ಹೋಗಾಣ. ಶಿಕಾರಿಪುರ, ಸೊರಬ.’

‘ಅಲ್ಲಿ ಏನಿದೆ ಮಾರಾಯ್ರೇ? ಗುಡವಿ ಪಕ್ಷಿಧಾಮಕ್ಕೆ ಬಿ.ಎಸ್ಸಿ.ಯವರು ಆಗಲೇ ಹೋಗಿ ಬಂದಿದ್ದಾರೆ.’

‘ಬಳ್ಳಿಗಾವಿ ಇದೆ ಸರ್.’

‘ಅದು ಹಿಸ್ಟರಿ ಡಿಪಾರ್ಟ್‌ಮೆಂಟಿನದು.’

ಹೌದು, ನಮ್ಮಲ್ಲಿ ದೇವಸ್ಥಾನಗಳನ್ನೂ ವಿಭಾಗವಾರು ಹಂಚಿಯಾಗಿದೆ. ಬಳ್ಳಿಗಾವಿ ಬನವಾಸಿ ಪನ್ನಿರ್ಛಾಸಿರ ಪ್ರಾಂತ್ಯದ ರಾಜಧಾನಿಯಾಗಿದ್ದ ಪಟ್ಟಣ, ವರ್ತಕ ಸಂಘಗಳು ಮೆರೆದ ಊರು. ಅಲ್ಲಿನ ಕೇದಾರೇಶ್ವರದ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ಬೌದ್ಧ ದರ್ಶನದ ತನಕ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತು ಎಂದು 1162ರ ಶಾಸನವೇ ಹೇಳುತ್ತದೆ. ಇದಕ್ಕೆಲ್ಲ ಖರ್ಚು ಎಲ್ಲಿಂದ? ದತ್ತಿ ಬಿಟ್ಟ ಭೂಮಿಯಿಂದ. ಮೂಲಧನ ಮುಟ್ಟದೆ ಬಡ್ಡಿಯಲ್ಲೇ ನಂದಾದೀಪ ಉರಿಸುವ ಏರ್ಪಾಡು ಕರ್ನಾಟಕದ ಶಾಸನಗಳಲ್ಲಿ ಬೇಕಾದಷ್ಟಿದೆ. ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ಪಾಲು ಸಮಾಜಕ್ಕೆ ಕೊಡಬೇಕೆಂಬ ಕಾಯ್ದೆ ನಮಗೆ ಬಂದದ್ದು 2013ರಲ್ಲಿ. ಶಾಸನಗಳ ಕೊನೆಯಲ್ಲಿ ದಂಡದ ಷರತ್ತೂ ಇರುತ್ತದೆ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಬ್ಯಾಂಕಿಗೆ ಕೈಕೊಟ್ಟು ಲಂಡನ್ ಸೇರಿದವರಿಗೆ ನಮ್ಮ ಕಾನೂನು ಇಷ್ಟು ನಿಖರವಾಗಿ ಯಾವತ್ತೂ ಮಾತಾಡಿಲ್ಲ.

ಅತಿಥಿ ಉಪನ್ಯಾಸಕ ಅಲ್ಲಿಗೆ ಸುಮ್ಮನಾಗಲಿಲ್ಲ. ಅಡಿಕೆ ಚೇಣಿ ತೋರಿಸಬಹುದು ಎಂದ. ಗೊನೆ ಇನ್ನೂ ಮರದಲ್ಲಿರುವಾಗಲೇ ಚೇಣಿದಾರ ತೋಟಕ್ಕೆ ಬರುತ್ತಾನೆ, ಕತ್ತೆತ್ತಿ ಮರಗಳ ನಡುವೆ ಒಂದು ಸುತ್ತು ಹಾಕುತ್ತಾನೆ. ಪೆನ್ನಿಲ್ಲ, ಕಾಗದವಿಲ್ಲ, ಎಕ್ಸೆಲ್ ಮೊದಲೇ ಇಲ್ಲ. ಇಷ್ಟು ಹಸಿ ಅಡಿಕೆಗೆ ಇಷ್ಟು ಒಣ ರಾಶಿ ಇಳಿಯುತ್ತದೆ, ಇಷ್ಟು ಮುಂಗಡ ಈಗ, ಉಳಿದದ್ದು ಕೊಯ್ಲಾದ ಮೇಲೆ. ಮಳೆ, ಕೊಳೆ, ಎಲೆಚುಕ್ಕಿ, ಮಂಡಿಯ ದರ ಎಲ್ಲವನ್ನೂ ತೂಗಿ ಮಾತು ಮುಗಿಯುವಷ್ಟರಲ್ಲಿ ಒಳಗಿನಿಂದ ಕಾಫಿ ಬಂದಿರುತ್ತದೆ. ಇದನ್ನೇ ಫಾರ್ವರ್ಡ್ ಕಾಂಟ್ರಾಕ್ಟ್ ಎಂದು ನಾಲ್ಕನೇ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ. ಕಲಿತವನಿಗೆ ತನ್ನ ತೋಟದ ಚೇಣಿಯಲ್ಲಿ ಅಪ್ಪ ಎಷ್ಟು ಕಳೆದುಕೊಂಡನೆಂದು ಲೆಕ್ಕ ಹಾಕಲು ಬರುವುದಿಲ್ಲ.

ಇನ್ನು ಶುಂಠಿ. ಒಂದು ವರ್ಷಕ್ಕೆ ಗದ್ದೆ ಗುತ್ತಿಗೆ ಹಿಡಿದು, ಬೀಜ, ಹುಲ್ಲು, ಔಷಧಿಗೆ ಸುರಿದು, 60 ಕೆಜಿ ಚೀಲಕ್ಕೆ ದೇವರು ಏನು ಬರೆದಿದ್ದಾನೋ ಎಂದು ಕಾಯುವವರ ಮುಂದೆ ಷೇರು ಪೇಟೆಯವರು ಪುಕ್ಕಲರು. ಶುಂಠಿಗೆ ಕೊಳೆರೋಗ ಬಂದರೆ ಸ್ಟಾಪ್‌ಲಾಸ್ ಬಟನ್ ಇಲ್ಲ.

ಆದರೆ ಸಭೆ ನಿಜವಾಗಿ ಗಂಟಲು ಸರಿಮಾಡಿಕೊಂಡದ್ದು ಆತ ‘ಸೊಸೈಟಿ’ ಎಂದಾಗ. ವ್ಯವಸಾಯ ಸೇವಾ ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ಸೊನ್ನೆ, ಮಿತಿಯನ್ನು ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಷರತ್ತು ಒಂದೇ, ವಾಯಿದೆಯೊಳಗೆ ಅಸಲು ಕಟ್ಟಬೇಕು. ವಾಯಿದೆ ಬರುವ ಹೊತ್ತಿಗೆ ಮೆಕ್ಕೆಜೋಳದ ದುಡ್ಡು ಮದುವೆಗೋ ಬೋರ್‌ವೆಲ್ಲಿಗೋ ಹೋಗಿರುತ್ತದೆ. ಆಗ ಪೇಟೆಯಲ್ಲೊಬ್ಬರ ಹತ್ತಿರ ನಾಲ್ಕು ದಿನದ ಮಟ್ಟಿಗೆ ಕೈಗಡ. ಅದನ್ನು ಸೊಸೈಟಿಗೆ ಕಟ್ಟಿ, ರಸೀದಿ ಹರಿಸಿ, ಹೊಸ ಸಾಲದ ಕಾಗದಕ್ಕೆ ಸಹಿ ಹಾಕಿ, ದುಡ್ಡು ಖಾತೆಗೆ ಬಿದ್ದ ಕೂಡಲೇ ತೆಗೆದು ಪೇಟೆಯವರಿಗೆ ವಾಪಸ್, ಮೇಲೆ ನಾಲ್ಕು ದಿನದ ‘ಖರ್ಚು’. ಇದಕ್ಕೆ ರಿನ್ಯೂವಲ್ ಎಂದು ಹೆಸರು. ಇಲಾಖೆಯ ಪುಸ್ತಕದಲ್ಲಿ ವಸೂಲಿ ಅಮೋಘ, ಬಡ್ಡಿ ಸೊನ್ನೆ. ರೈತ ಮಾತ್ರ ಸೊನ್ನೆ ಬಡ್ಡಿಗೂ ಬಡ್ಡಿ ಕಟ್ಟಿರುತ್ತಾನೆ. ದೊಡ್ಡ ಕಂಪನಿ ಹೀಗೆ ಹಳೆ ಸಾಲಕ್ಕೆ ಹೊಸ ಸಾಲ ಹೊದಿಸಿದರೆ ಅದು ಎವರ್‌ಗ್ರೀನಿಂಗ್, ರಿಸರ್ವ್ ಬ್ಯಾಂಕ್ ಹುಬ್ಬು ಗಂಟಿಕ್ಕುತ್ತದೆ.

ಆಕ್ಷೇಪಗಳು ಒಂದರ ಹಿಂದೊಂದು ಬಂದವು. ಸೊಸೈಟಿ ಕಾರ್ಯದರ್ಶಿ ಸರ್ಟಿಫಿಕೇಟ್ ಕೊಡುತ್ತಾರಾ? ಚೇಣಿದಾರನಿಗೆ ಜಿಎಸ್‌ಟಿ ನಂಬರ್ ಇದೆಯಾ? ಎಲ್ಲಕ್ಕಿಂತ ಗಂಭೀರವಾದದ್ದು ಲೆಕ್ಕಪತ್ರದವರದು: ‘ಸರ್ಕಾರಿ ಬಸ್ಸಿನಲ್ಲಿ ಹೋದರೆ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ದುಡ್ಡೇ ಇಲ್ಲ. ಸೊನ್ನೆ ರೂಪಾಯಿ ಟಿಕೆಟ್ಟನ್ನು ನಾನು ಯಾವ ವೋಚರಿಗೆ ಅಂಟಿಸಲಿ?’ ಬಿಲ್ಲಾಗದ ಪ್ರವಾಸ ಪ್ರವಾಸವೇ ಅಲ್ಲ ಎಂಬುದು ಬಿಸಿನೆಸ್ ಫೈನಾನ್ಸಿನ ಮೊದಲ ಪಾಠ.

ಯಾರೂ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿತ್ತು. ದಲಾಲ್ ಸ್ಟ್ರೀಟಿನಲ್ಲಿ ಪರಿಚಯದವರು ಸಿಗುವುದಿಲ್ಲ. ಸೊರಬದ ಸೊಸೈಟಿ ಬಾಗಿಲಲ್ಲಿ ನಿಂತರೆ ಕ್ಯೂನಲ್ಲಿ ವಿದ್ಯಾರ್ಥಿಯ ಅಪ್ಪನೇ ಇರುತ್ತಾನೆ. ಮೇಷ್ಟರು ‘ಇವರನ್ನು ಕೇಸ್ ಸ್ಟಡಿ ಮಾಡಿ’ ಎಂದರೆ ಹುಡುಗ ಎಲ್ಲಿ ನೋಡಬೇಕು? ಅಪ್ಪನ ಹಿಂದಿನ ಸಾಲಿನಲ್ಲಿ ಮೇಷ್ಟರ ಅಣ್ಣನೂ ಪಹಣಿ ಹಿಡಿದು ನಿಂತಿದ್ದರೆ?

ಕೊನೆಗೆ ಮುಂಬೈ, ಗೋವಾ ಎಂದೇ ತೀರ್ಮಾನವಾಯಿತು. ಶುಲ್ಕ ಕಟ್ಟಲು ಹುಡುಗರು ಊರಿಗೆ ಫೋನು ಮಾಡಿದರು, ಅಪ್ಪಂದಿರು ಮಂಡಿಗೆ ಫೋನು ಮಾಡಿದರು, ಮಂಡಿಯವರು ಬರುವ ಬೆಳೆಯ ಮೇಲೆ ಮುಂಗಡ ಕೊಟ್ಟರು. ಇನ್ನೂ ಹಿಂಗಾರ ಒಡೆಯದ ಅಡಿಕೆ ಹೀಗೆ ಬಾಗಾ ಬೀಚು ತಲುಪಿತು. ಈ ಹಣದ ದಾರಿ ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ.

ನಿಮ್ಮ ಮಗನೋ ಮಗಳೋ ಆ ಬಸ್ಸಿನಲ್ಲಿದ್ದರೆ, ವಾಪಸ್ ಬಂದ ಮೇಲೆ ಫೋಟೊ ತೋರಿಸು ಎನ್ನಬೇಡಿ. ನಿಮ್ಮ ಸೊಸೈಟಿ ಪಾಸ್‌ಬುಕ್ಕನ್ನೂ ಮಂಡಿಯ ಚೀಟಿಯನ್ನೂ ಕೈಗೆ ಕೊಟ್ಟು, ನಾವು ಒಟ್ಟು ಎಷ್ಟು ಬಡ್ಡಿ ಕಟ್ಟುತ್ತಿದ್ದೇವೆ ಹೇಳು ಎನ್ನಿ.