ಪ್ರೋಗ್ರಾಂ ಕಾಕಾ

ಮದುವೆಗೆ ದಿನ ಗೊತ್ತು ಮಾಡುವಾಗ ನಮ್ಮ ಕಡೆಯವರು ಪಂಚಾಂಗ ನೋಡುತ್ತಾರೆ. ಪ್ರೋಗ್ರಾಂ ಕಾಕಾ ನೋಡುವುದು ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಕಾರ್ಯಕ್ರಮಗಳ ಪಟ್ಟಿ. ತಮ್ಮನ ಮಗನ ಮದುವೆ ಮಾತಿನಲ್ಲಿ ಸ್ವಾಮಿಗಳು ಡಿಸೆಂಬರಿನ ಮೊದಲ ಭಾಗದಲ್ಲೊಂದು ಒಳ್ಳೆಯ ದಿನ ತೆಗೆದುಕೊಟ್ಟರು. ಕಾಕಾ ಕನ್ನಡಕ ಹಣೆಗೇರಿಸಿ ಮೊಬೈಲ್ ಸವರಿ, "ಆಗಂಗಿಲ್ಲರಿ, ಅವತ್ತ ಮ್ಯಾಗ್ನಿಫಿಕಾಟ್ ಅದ" ಎಂದುಬಿಟ್ಟರು. ಹೆಣ್ಣಿನ ಕಡೆಯವರ ಮುಖ ಇಳಿಯಿತು. ಕುಜದೋಷ, ಕಾಳಸರ್ಪದೋಷ ಕೇಳಿದ್ದರು, ಇದು ಹೊಸದು. "ಶಾಂತಿ ಮಾಡಿಸಿದ್ರ ಹೋಗ್ತದೇನ್ರಿ?" ಎಂದು ಹುಡುಗಿಯ ಸೋದರಮಾವ ಮೆಲ್ಲಗೆ ವಿಚಾರಿಸಿದರು.

ಮ್ಯಾಗ್ನಿಫಿಕಾಟ್ ದೋಷವಲ್ಲ. ಹೊಸೂರು ರಸ್ತೆಯ ಆ ಕ್ಯಾಂಪಸ್ಸಿನಲ್ಲಿ ನಡೆಯುವ ಕ್ರಿಸ್‌ಮಸ್ ಸಂಭ್ರಮ. ದೀಪ, ಗಾಯನವೃಂದ, ಗೋದಲಿ ಎಲ್ಲ ಇರುತ್ತದೆ. ಕಾಕಾನ ಮಗಳು ಅಲ್ಲಿ ಓದುತ್ತಾಳೆ. ಏನು ಓದುತ್ತಾಳೆ ಎಂದು ಕೇಳಿದರೆ, "ಬಿಕಾಮೋ, ಬಿಬಿಎಯೋ, ಅದರ ಹಿಂದ ಇನ್ನೊಂದೇನೋ ಬಾಲ ಅದ. ಅಕಿ ಓದ್ತಾಳ ಬಿಡ್ರಿ" ಎಂದು ಕೈ ಕೊಡವುತ್ತಾರೆ. ಆದರೆ ಅಲ್ಲಿ ಯಾವಾಗ ಯಾವ ಹಬ್ಬ ಎಂದು ಕೇಳಿ ನೋಡಿ! ಹೊಸಬರು ಪ್ರತಿಭೆ ತೋರಿಸುವ ದರ್ಪಣ, ಒಳಗಿನವರೇ ಪೈಪೋಟಿಗಿಳಿಯುವ ಬ್ಲಾಸಮ್ಸ್, ಬೇರೆ ಕಾಲೇಜಿನವರು ಬರುವ ಇನ್‌ಬ್ಲೂಮ್, ಧೋತರ ಸೀರೆ ಉಟ್ಟು ಮೆರೆಯುವ ಭಾಷಾ ಉತ್ಸವ. ವಚನ ಹೇಳುವವರಂತೆ ಒಂದೇ ಉಸಿರಿಗೆ ಒಪ್ಪಿಸುತ್ತಾರೆ.

ಭಾಲ್ಕಿ ಬಸ್ ನಿಲ್ದಾಣದಿಂದ ತುಸು ಮುಂದೆ ಕಾಕಾನ ಗೊಬ್ಬರ, ಬೀಜದ ಅಂಗಡಿ. ಮೃಗಶಿರಾ ಮಳೆ ಬಿದ್ದಿತೆಂದರೆ ಸೋಯಾ ಬೀಜಕ್ಕೂ ಡಿಎಪಿಗೂ ಅಲ್ಲಿ ಪಾಳಿ ಹಚ್ಚುತ್ತಾರೆ. ಪಾಳಿ ಬೇಗ ಕರಗುವುದಿಲ್ಲ. ಪ್ರತಿ ಗಿರಾಕಿಗೂ ಪಾವತಿಯ ಜೊತೆ ಮುಂಬರುವ ಕಾರ್ಯಕ್ರಮದ ಸುದ್ದಿ ಕೊಡುವುದು ಕಾಕಾನ ಪದ್ಧತಿ. ಔರಾದ್ ಕಡೆಯ ಮರಾಠಿ ರೈತನೊಬ್ಬ ಬಂದು, "ಯುರಿಯಾ ಆಲಾ ಕಾ?" ಎಂದು ಕೇಳಿದರೆ, "ಯುರಿಯಾ ಸೋಮಾರ. ದರ್ಪಣ ಮುಂದಿನ ವಾರ" ಎಂದು ಉತ್ತರ. ಆತ ದರ್ಪಣವೂ ಯಾವುದೋ ಹೊಸ ಕೀಟನಾಶಕ ಇರಬೇಕೆಂದು ತಿಳಿದು ಒಂದು ಲೀಟರು ತನಗೂ ಇಡಲು ಹೇಳಿ ಹೋದ.

ಇದು ಭಾಲ್ಕಿಯೊಂದರ ಕಥೆ ಎಂದುಕೊಳ್ಳಬೇಡಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಈ ಜಾತಿಯ ಗಂಡಸರು ತಾಲ್ಲೂಕಿಗೊಬ್ಬರಾದರೂ ಇದ್ದಾರೆ. ಮಕ್ಕಳನ್ನು ಸುಮಾರು 700 ಕಿಲೋಮೀಟರ್ ದೂರ ಕಳಿಸಿದ ಮೇಲೆ ಅವರ ಅಂಕಪಟ್ಟಿ ಕೇಳಲು ಧೈರ್ಯ ಬರುವುದಿಲ್ಲ, ಊಟದ ಬಗ್ಗೆ ತಾಯಂದಿರು ಕೇಳಿ ಮುಗಿಸಿರುತ್ತಾರೆ. ಅಪ್ಪಂದಿರಿಗೆ ಉಳಿಯುವ ವಿಷಯ ಇದೊಂದೇ.

ಬೀದರ್ ಶಹರದ ಮಾದರಿ ಸ್ವಲ್ಪ ಬೇರೆ. ಅವರು ಮಂಗಲಪೇಟೆಯ ಹಿರಿಯರು. ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಬಂದು ಶಾಲೆ, ದವಾಖಾನೆ ತೆರೆದ ಪೇಟೆ ಅದು. ಇವರ ಅಜ್ಜನ ಕಾಲದಿಂದ ಹಾರ್ಮೋನಿಯಂ, ತಬಲಾ ಹಿಡಿದು ಕನ್ನಡದಲ್ಲಿ ಭಜನೆ ಹಾಡಿಕೊಂಡು ಬಂದ ಮನೆತನ. ಮೊಮ್ಮಗ ಕ್ರೈಸ್ಟ್‌ಗೆ ಸೇರಿದಾಗ ಮೊದಲು ತಕರಾರು ತೆಗೆದರು. ಆ ಸಂಸ್ಥೆಯನ್ನು 1969ರಲ್ಲಿ ಕಟ್ಟಿದವರು ಕಾರ್ಮೆಲೈಟ್ಸ್ ಆಫ್ ಮೇರಿ ಇಮ್ಯಾಕ್ಯುಲೇಟ್ ಎಂಬ ಪಂಗಡದ ಫಾದರುಗಳು, ಅಂದರೆ ಕೆಥೊಲಿಕ್ಕರು. "ನಾವು ಮೆಥೊಡಿಸ್ಟ್" ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಡಿಸೆಂಬರಿನಲ್ಲಿ ಮೊಮ್ಮಗ ಪ್ಲಮ್ ಕೇಕಿನ ಡಬ್ಬಿಯೊಂದಿಗೆ ಬಂದಿಳಿದಾಗ ಧೋರಣೆ ಸಡಿಲವಾಯಿತು. "ಸಿದ್ಧಾಂತದಾಗ ಭೇದ ಅದ, ಕೇಕಿನಾಗ ಇಲ್ಲ" ಎಂದು ಎರಡನೇ ತುಂಡಿಗೆ ಕೈ ಹಾಕಿದರು. ಈಗ ಅವರೂ ಮ್ಯಾಗ್ನಿಫಿಕಾಟಿನ ವಿಡಿಯೊ ನೋಡುತ್ತಾರೆ. ನೋಡಿ, "ಹಾಡ್ತಾರ, ಛಲೋ ಹಾಡ್ತಾರ. ತಬಲಾ ಇಲ್ಲ, ಅದೊಂದು ಕೊರತಿ" ಎಂದು ಷರಾ ಬರೆಯುತ್ತಾರೆ.

ಹೊರಗಿನವರು ಬಂದರೆ ಈ ಹಿರಿಯರು ಅವರನ್ನು ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನನ ಮದರಸಾಕ್ಕೆ ಕರೆದೊಯ್ಯುವುದುಂಟು. 1472ರಲ್ಲಿ ಕಟ್ಟಿದ ಮೂರಂತಸ್ತಿನ ವಿದ್ಯಾಲಯ, ನೀಲಿ ಹೆಂಚಿನ ಮಿನಾರು, ಮೂರು ಸಾವಿರ ಹೊತ್ತಿಗೆಗಳಿದ್ದವೆನ್ನುವ ಗ್ರಂಥಾಲಯ. "ನಮ್ಮೂರಾಗ ಅವಾಗೇ ಕ್ಯಾಂಪಸ್ ಇತ್ತು. ಏನಿದ್ದಿದ್ದಿಲ್ಲ ಹೇಳು? ಫೆಸ್ಟು! ಫೆಸ್ಟಿದ್ರ ಸುಲ್ತಾನನ ಮನಸ್ಸು ಆ ಕಡಿ ಹೋಗ್ತಿತ್ತು, ಗಾವಾನನ ತಲಿ ಉಳೀತಿತ್ತು." ಚಾಡಿ ಮಾತು ಕೇಳಿ ಸುಲ್ತಾನ 1481ರಲ್ಲಿ ಗಾವಾನನನ್ನು ಕೊಲ್ಲಿಸಿದ್ದು ಇತಿಹಾಸ. ಉಳಿದದ್ದು ಮಂಗಲಪೇಟೆಯ ಸಂಶೋಧನೆ.

ಔರಾದಿನವರು ಮಾಮಾ. ರಾಜ್ಯದ ಉತ್ತರದ ತುದಿಯ ತಾಲ್ಲೂಕು, ರೈಲು ಇನ್ನೂ ಮುಟ್ಟಿಲ್ಲ. ಆದರೂ ಇವರೆಲ್ಲರಲ್ಲಿ ಫೆಸ್ಟನ್ನು ಕಣ್ಣಾರೆ ನೋಡಲು ಹೊರಟ ಧೀರ ಇವರೊಬ್ಬರೇ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬೀದರ್ ತನಕ ಕೆಂಪು ಬಸ್ಸು, ಅಲ್ಲಿಂದ ಯಶವಂತಪುರದ ಗಾಡಿ. ಬೆಳಗ್ಗೆ ಇಳಿದು ಆಟೊದವನಿಗೆ "ಕ್ರೈಸ್ಟ್" ಎಂದರು. ಆ ವಿಶ್ವವಿದ್ಯಾಲಯಕ್ಕೆ ಯಶವಂತಪುರ ಎಂಬ ಹೆಸರಿನ ಕ್ಯಾಂಪಸ್ಸೂ ಒಂದಿದೆ, ತುಮಕೂರು ರಸ್ತೆಯ ನಾಗಸಂದ್ರದ ಹತ್ತಿರ. ಆಟೊದವನು ಅಲ್ಲಿಗೇ ಬಿಟ್ಟ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರು. ಮಾಮಾ ರೈತ ಸಂಪರ್ಕ ಕೇಂದ್ರದ ಚೀಟಿ ತೆಗೆದರು. ಅದರಲ್ಲಿ ಫೋಟೊ ಇಲ್ಲವೆಂದಾಗ ಪಹಣಿಯ ಪ್ರತಿ ತೆಗೆದರು. ಕಾವಲಿನವನು ಕಲಬುರಗಿ ಕಡೆಯವನಾಗಿದ್ದದ್ದು ಪುಣ್ಯ. "ಮಾಮಾ, ನಿಮ್ಮ ಹುಡುಗ ಇರೋದು ಹೊಸೂರ್ ರೋಡಿನಾಗ. ಊರಿನ ಆ ತುದಿ" ಎಂದು ದಾರಿ ಹೇಳಿ, ಒಂದು ರೊಟ್ಟಿ ತಿಂದು ಕಳಿಸಿಕೊಟ್ಟ.

ಮಾಮಾ ಆ ತುದಿ ಮುಟ್ಟುವಷ್ಟರಲ್ಲಿ ಫೆಸ್ಟು ಮುಗಿದು, ಹುಡುಗರು ವೇದಿಕೆಯ ಹಿಂದಿನ ಬಟ್ಟೆ ಬಿಚ್ಚುತ್ತಿದ್ದರು. ಅದನ್ನೇ ನಿಂತು ನೋಡಿದರು. ಊರಿಗೆ ಬಂದು ಅಮರೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ಅವರು ಕೊಟ್ಟ ವರದಿ ಇದು: "ಬಿಚ್ಚೋದೇ ಇಷ್ಟ ಚಂದ ಇತ್ತಪಾ. ಕಟ್ಟಿದ್ದು ಹ್ಯಾಂಗಿರಬೇಕು!"

ಮತ್ತೆ ನಮ್ಮ ಕಾಕಾನ ಕಡೆಗೆ. ಈ ಎಲ್ಲ ಸಡಗರದಲ್ಲಿ ಮಗಳ ಪಾಲೆಷ್ಟು ಎಂಬುದು ಅವರ ಹೆಂಡತಿ ಕಾಕುಗೆ ಮಾತ್ರ ಗೊತ್ತು. ಆ ವಿಶ್ವವಿದ್ಯಾಲಯದಲ್ಲಿ ಶೇ 85ರಷ್ಟು ಹಾಜರಾತಿ ಬೇಕು. ಜ್ವರ ಬಂದರೂ ಹುಡುಗರು ಲೆಕ್ಕ ಹಾಕಿಯೇ ಮಲಗುತ್ತಾರೆ. ರವಿವಾರ ರಾತ್ರಿಯ ಫೋನು ಹೀಗೆ ನಡೆಯುತ್ತದೆ.

"ಏನವ್ವಾ, ಹ್ಯಾಂಗಾತು?"

"ಏನು ಪಪ್ಪಾ?"

"ಬ್ಲಾಸಮ್ಸ್!"

"ಮುಗೀತಂತ. ನಾ ಹೋಗಿಲ್ಲ. ಸಬ್ಮಿಷನ್ ಇತ್ತು."

ಕಾಕಾ ಒಂದು ಗಳಿಗೆ ಸುಮ್ಮನಾಗುತ್ತಾರೆ. ಮರುದಿನ ಅಂಗಡಿಯಲ್ಲಿ, "ಬ್ಲಾಸಮ್ಸ್ ಬಾಳ ಜೋರ ಆತ್ರಿ ಈ ಸಲ" ಎಂದು ಘೋಷಣೆ. ಮಗಳು ಎಳ್ಳ ಅಮಾವಾಸ್ಯೆಗೆ ಬರಲಿಲ್ಲವೆಂದು ಕಾಕು ಭಜ್ಜಿಯ ಗಡಿಗೆಯ ಮುಂದೆ ಕಣ್ಣೊರೆಸಿಕೊಂಡರೆ, "ಅಲ್ಲೂ ಹಬ್ಬ ಅದಾವ ತಗೋ" ಎಂದು ಕಾಕಾ ಎರಡು ಸಲ ಬಡಿಸಿಕೊಳ್ಳುತ್ತಾರೆ. ಕಾಕು ಒಮ್ಮೆ ರೇಗಿ, "ಅಕಿ ಓದ್ಲತ್ತಾಳ. ಕಾಲೇಜಿಗಿ ಹೋಗ್ಲತ್ತಿರೋರು ನೀವು" ಎಂದಿದ್ದರು. ನನ್ನ ಮಟ್ಟಿಗೆ ಕಾಕಾನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಬೇರೆ ಯಾರೂ ಆಡಿಲ್ಲ.

ಯಾಕೆಂದರೆ ಕಾಕಾನ ಕಾಲೇಜಿನಲ್ಲಿ ವರ್ಷಕ್ಕೆ ಇದ್ದದ್ದು ಒಂದೇ ಕಾರ್ಯಕ್ರಮ: ಗ್ಯಾದರಿಂಗ್. 80ರ ದಶಕದ ಮಾತು. ಮುಂಜಾನೆ ಹತ್ತಕ್ಕೆ ಅಂದದ್ದು ಮುಖ್ಯ ಅತಿಥಿಗಳ ಜೀಪು ಬಂದ ಮೇಲೆ, ಅಂದರೆ ಮಧ್ಯಾಹ್ನ ಒಂದಕ್ಕೆ, ಶುರುವಾಗುತ್ತಿತ್ತು. ಹಾರ ತುರಾಯಿ, ಸ್ವಾಗತ, ಅತಿಥಿಗಳ ಪರಿಚಯ, ಪರಿಚಯಿಸಿದವರ ಪರಿಚಯ. ಹುಡುಗರ ಸರದಿ ಬಂದಾಗ ಕರೆಂಟು ಹೋಗುತ್ತಿತ್ತು. ಉಳಿದ ರುಚಿ ಫಿಶ್‌ಪಾಂಡಿನದು. ಹೆಸರಿಲ್ಲದ ಚೀಟಿಗಳಲ್ಲಿ ಒಬ್ಬರನ್ನೊಬ್ಬರು ಕಾಲೆಳೆಯುವ ಆಟ. ಕಾಕಾನ ಹೆಸರಿಗೆ ಬಂದ ಚೀಟಿಯಲ್ಲಿ "ಭಾಲ್ಕಿ ಬೇಂದ್ರೆ" ಎಂದಿತ್ತಂತೆ. ಬರೆದವನು ತಮಾಷೆಗೆ ಬರೆದ. ಕಾಕಾ ಖರೆ ಅಂದುಕೊಂಡರು.

ಇಲ್ಲಿಂದ ಮುಂದಿನದನ್ನು ಕಾಕಾ ಗಿರಾಕಿಗಳಿಗೆ ಹೇಳುವುದಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದ ಮೇಲೆ, ಚಹಾ ತರಿಸಿ, ಪರಿಚಯದವರಿಗೆ ಮಾತ್ರ ಹೇಳುತ್ತಾರೆ. ಕ್ರೈಸ್ಟ್ ಆಗಿನ್ನೂ ಕಾಲೇಜು, ಡೀಮ್ಡ್ ವಿಶ್ವವಿದ್ಯಾಲಯವಾದದ್ದು 2008ರಲ್ಲಿ. ಅಲ್ಲಿ ಕನ್ನಡ ಕಲಿಸುತ್ತಿದ್ದ ಚಿ. ಶ್ರೀನಿವಾಸರಾಜು 1972ರಲ್ಲಿ ಕನ್ನಡ ಸಂಘ ಕಟ್ಟಿದ್ದರು. ಇಂಗ್ಲಿಷ್ ತುಂಬಿದ ಆ ಅಂಗಳದಿಂದ ಕನ್ನಡದ ಪುಸ್ತಕಗಳು ಕಡಿಮೆ ಬೆಲೆಗೆ ಒಂದರ ಹಿಂದೊಂದು ಹೊರಬಂದವು, ಹೊಸ ಹುಡುಗರ ಕವಿತೆಗಳು ಅಚ್ಚಾದವು. ಬೇಂದ್ರೆಯವರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕಾವ್ಯ ಸ್ಪರ್ಧೆಯೂ ಏರ್ಪಟ್ಟಿತು. ನಾಡಿನ ಯಾವ ಮೂಲೆಯ ಹುಡುಗನಾದರೂ ಕವಿತೆ ಕಳಿಸಬಹುದಿತ್ತು. ಭಾಲ್ಕಿ ಬೇಂದ್ರೆ ಕಳಿಸಿದರು. ಕಾರಂಜಾ ಅಣೆಕಟ್ಟಿನ ನೀರಿಗೆ ಹೊಲ ಹೋದವರ ಮೇಲೆ ಬರೆದ ಕವಿತೆ. ಐದು ಪುಟ.

ಬಹುಮಾನ ಬರಲಿಲ್ಲ. ಬರಲಿಲ್ಲವೆಂದು ಕಾಕಾ ಇಂದಿಗೂ ಒಪ್ಪುವುದಿಲ್ಲ. "ಅದು ಮುಟ್ಟೇ ಇಲ್ಲ. ಅವಾಗ ಬೀದರದಿಂದ ಗಾಡಿ ವಿಕಾರಾಬಾದ್ ಸುತ್ತಿ ಹೋಗ್ತಿತ್ತು. ಲಕೋಟೆ ಅಲ್ಲೇ ಇಳದು ಬಿಟ್ಟದ." 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದಾಗ ಊರೆಲ್ಲ ಪಟಾಕಿ ಹೊಡೆಯುತ್ತಿದ್ದರೆ, ಕಾಕಾ ಮಾತ್ರ ನಿಟ್ಟುಸಿರು ಬಿಟ್ಟು, "ಈಗ ಹಾಕಿದ್ರ ಮುಟ್ಟತಿತ್ತು" ಎಂದರಂತೆ. ಮಗಳ ಪ್ರವೇಶದ ಹೊತ್ತಿಗೆ ಮನೆಮಂದಿ ನಾಲ್ಕಾರು ಕಾಲೇಜುಗಳ ಶುಲ್ಕ, ಹಾಸ್ಟೆಲು ಹೋಲಿಸಿ ನೋಡುತ್ತಿದ್ದಾಗ ಕಾಕಾ ಲೆಕ್ಕವನ್ನೇ ಕೇಳದೆ ಒಂದರ ಮೇಲೆ ಬೆರಳಿಟ್ಟದ್ದು ಯಾಕೆಂದು ಕಾಕುಗೆ ಇನ್ನೂ ಗೊತ್ತಿಲ್ಲ. ಈ ಬರಹ ಓದಿದರೆ ಗೊತ್ತಾದೀತು.

ಕ್ರೈಸ್ತರ ಇಂಗ್ಲಿಷ್ ಕಾಲೇಜಿನಲ್ಲಿ ಕನ್ನಡದ ಕೆಲಸವೇ ಎಂದು ಯಾರಾದರೂ ಹುಬ್ಬೇರಿಸಿದರೆ ಕಾಕಾ ಭಾಲ್ಕಿ ಹಿರೇಮಠದ ಕಥೆ ತೆಗೆಯುತ್ತಾರೆ. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. "ಇದೂ ಹಂಗೇ. ಹೊರಗ ಇಂಗ್ಲಿಷ್ ಬೋರ್ಡು, ಒಳಗ ಕನ್ನಡ ಸಂಘ." ಹೋಲಿಕೆ ಎಳೆದದ್ದೇ ಇರಬಹುದು, ಬೆಂಗಳೂರನ್ನು ನಿಜಾಮನಿಗೆ ಹೋಲಿಸಿದ್ದಕ್ಕೆ ಬೆಂಗಳೂರಿನವರು ಸಿಟ್ಟಾಗಲೂಬಹುದು. ನನಗಂತೂ ತಪ್ಪೆನಿಸಿಲ್ಲ.

ಮೊನ್ನೆ ಮಗಳು, ಅಪ್ಪನ ಕಾಟ ತಡೆಯಲಾರದೆ, ಕನ್ನಡ ಕಾರ್ಯಕ್ರಮವೊಂದರ ಕರಪತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದಳು. ಕಾಕಾ ಅದನ್ನು ತಮ್ಮಲ್ಲಿದ್ದ ಎಲ್ಲ ಗುಂಪುಗಳಿಗೂ ತಳ್ಳಿದರು. ಬೀಗರ ಗುಂಪು, ವಚನ ಗುಂಪು, ಕೊನೆಗೆ ಗೊಬ್ಬರ ವ್ಯಾಪಾರಿಗಳ ಗುಂಪು. ಕೊನೆಯ ಗುಂಪಿನಿಂದ ಮೂವರು ಪ್ರತಿಕ್ರಿಯಿಸಿದರು. ಇಬ್ಬರು ಕೈ ಮುಗಿದ ಚಿತ್ರ ಹಾಕಿದ್ದರು. ಮೂರನೆಯವರು ಕೇಳಿದ್ದು, "ಚೀಲಕ್ಕೆಷ್ಟು?"

ಬೀದರ್, ಭಾಲ್ಕಿ, ಔರಾದಿನ ಕಾಲೇಜುಗಳಲ್ಲಿ ಗುಟ್ಟಾಗಿ ಕವಿತೆ ಬರೆಯುವ ಹುಡುಗ ಹುಡುಗಿಯರು ಇದ್ದೀರಿ ಎಂದು ನನಗೆ ಗೊತ್ತು. ಎಲ್ಲಿ ಯಾವ ಸ್ಪರ್ಧೆ, ಕೊನೆಯ ದಿನಾಂಕ ಯಾವುದು, ಎಷ್ಟು ಸಾಲು ಮೀರಬಾರದು ಎಂದು ತಿಳಿಯಬೇಕಿದ್ದರೆ ಭಾಲ್ಕಿಯ ಗೊಬ್ಬರದ ಅಂಗಡಿಗೆ ಹೋಗಿ. ಚಹಾ ಕುಡಿಸಿ ಎಲ್ಲ ಹೇಳುತ್ತಾರೆ. ಕವಿತೆಯನ್ನು ಮಾತ್ರ ತೋರಿಸಬೇಡಿ, ತಿದ್ದಿ ಐದು ಪುಟ ಮಾಡುತ್ತಾರೆ.