ಹಿಂಬರಹ ಹೊತ್ತು ಬಂದ ಪೋಸ್ಟಲ್ ಆರ್ಡರ್

ಮಾಹಿತಿ ಹಕ್ಕು ಅರ್ಜಿಗೆ ಪಿನ್ನು ಚುಚ್ಚಿಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಮೊನ್ನೆ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದಲ್ಲಿ ಸಿಕ್ಕಿತು. ಟೀ ಅಂಗಡಿಯ ಬೆಂಚಿನ ಮೇಲೆ, ಅಡಿಕೆ ಬೆಳೆಗಾರರೊಬ್ಬರ ಜೇಬಿನಿಂದ ಅರ್ಧ ಇಣುಕುತ್ತಿತ್ತು. ಮೈತುಂಬ ಠಸ್ಸೆ, ಮೂಲೆಯಲ್ಲಿ ತುಕ್ಕು ಹಿಡಿದ ಪಿನ್ನಿನ ಗುರುತು. ಕೆಲವು ಪ್ರಶ್ನೆಗೆ ಉತ್ತರ ಕೊಟ್ಟಿತು, ಕೆಲವಕ್ಕೆ ಹಿಂಬರಹ ಕೊಟ್ಟಿತು.

ಪ್ರಶ್ನೆ: ಎಲ್ಲಿಂದ ಬರ್ತಾ ಇದ್ದೀರಿ?

ಉತ್ತರ: ಒಂದು ಕಚೇರಿಯಿಂದ. ಯಾವುದು ಅಂತ ಕೇಳಬೇಡಿ ಸ್ವಾಮಿ, ಸೆಕ್ಷನ್ 8ರ ಅಡಿಯಲ್ಲಿ ನಿರಾಕರಿಸ್ತೀನಿ. ಅಲ್ಲೇ ಕಲಿತ ವಿದ್ಯೆ.

ಪ್ರಶ್ನೆ: ಭೀಮಸಮುದ್ರ ಹೇಗನ್ನಿಸ್ತು?

ಉತ್ತರ: ಬೆರಗಾದೆ. ಕೂತು ಒಂದು ಲೋಟ ಟೀ ಮುಗಿಯೋದರೊಳಗೆ ರಾಶಿ ಅಡಿಕೆ ಎಷ್ಟಕ್ಕೆ ಹೋಯ್ತು, ಬೆಟ್ಟೆ ಎಷ್ಟು, ಕೆಂಪುಗೋಟು ಯಾಕೆ ಬಿತ್ತು, ಅಪಿಗೆ ಶಿವಮೊಗ್ಗದಲ್ಲಿ ಏನು ರೇಟು, ಎಲ್ಲ ಕಿವಿಗೆ ಬಿತ್ತು. ಅರ್ಜಿ ಇಲ್ಲ, ಶುಲ್ಕ ಇಲ್ಲ, 30 ದಿನದ ವಾಯಿದೆ ಇಲ್ಲ. ಆಮೇಲೆ ಸುಮ್ಮನೆ ಕೇಳಿದೆ: ನಿಮ್ಮ ಮನೆ ಮುಂದಿನ ಚರಂಡಿಗೆ ಎಷ್ಟು ಖರ್ಚಾಯ್ತು? ಎಲ್ಲರೂ ಲೋಟದೊಳಗೆ ನೋಡತೊಡಗಿದರು. ಈ ಊರು ಅಂತಲ್ಲ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲಿ ಕೇಳಿದರೂ ಲೋಟವೇ ಗತಿ.

ಪ್ರಶ್ನೆ: ನಿಮ್ಮ ವಂಶದ ಹಿನ್ನೆಲೆ?

ಉತ್ತರ: ಸರ್ಕಾರಿ ಕಾಗದ ಜನ ನೋಡಬಹುದು ಅಂತ ಸ್ವೀಡನ್ 1766ರಲ್ಲೇ ಕಾನೂನು ಮಾಡಿತ್ತಂತೆ. ನಮ್ಮಲ್ಲಿ ಅದನ್ನ ಕೇಳಿದ್ದು ರಾಜಸ್ಥಾನದ ಹಳ್ಳಿ ಕೂಲಿಕಾರರು. ಹಾಜರಿ ಪಟ್ಟಿ ತೋರಿಸಿ ಅಂದರು, ಅದರಲ್ಲಿ ಸತ್ತವರೂ ಕೂಲಿ ಮಾಡಿ ಹೆಬ್ಬೆಟ್ಟು ಒತ್ತಿದ್ದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ. ಅವತ್ತಿಂದ ನನಗೆ ಪುರುಸೊತ್ತಿಲ್ಲ.

ಪ್ರಶ್ನೆ: ಈ ಸಲದ ಪ್ರವಾಸ ಹೇಗಿತ್ತು?

ಉತ್ತರ: ಮೊದಲ ಸಲ ‘ಪಿಡಿಒ’ ಅಂತ ಬರೆದಿದ್ದಕ್ಕೆ ವಾಪಸ್ಸು. ‘ಪಂಚಾಯತಿ ಅಭಿವೃದ್ಧಿ ಅಧಿಕಾರಿ’ ಅಂತ ಬಿಡಿಸಿ ಬರೀಬೇಕಿತ್ತಂತೆ. ಎರಡನೇ ಸಲ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಅಂತ ಬೇರೆ ಇಲಾಖೆಗೆ ವರ್ಗ ಮಾಡಿದರು. ವರ್ಗ ಮಾಡೋಕೆ ಕಾಯ್ದೆ 5 ದಿನ ಕೊಡುತ್ತೆ, ನನ್ನನ್ನ ಎರಡೇ ದಿನಕ್ಕೆ ಸಾಗಿಸಿದರು. ಅಷ್ಟು ಚುರುಕು ಕೆಲಸ ನಾನು ಮತ್ತೆಲ್ಲೂ ಕಂಡಿಲ್ಲ! 29ನೇ ದಿನ ಕಾಗದ ಬಂತು: ಮಾಹಿತಿ 1,140 ಪುಟ, ಪುಟಕ್ಕೆ 2 ರೂಪಾಯಿಯಂತೆ 2,280 ಕಟ್ಟಿ. ಅರ್ಜಿ ಹಾಕಿದ ಪುಣ್ಯಾತ್ಮ ಕಟ್ಟಿದ. ಕೇಳಿದ್ದು ಚರಂಡಿ ಲೆಕ್ಕ, ಬಂದದ್ದು ಬೀದಿದೀಪದ ಕರೆಂಟ್ ಬಿಲ್ಲು.

ಪ್ರಶ್ನೆ: 30 ದಿನ ದಾಟಿದರೆ ಬಿಟ್ಟಿ ಕೊಡಬೇಕಲ್ಲ?

ಉತ್ತರ: ಅದಕ್ಕೇ 29ನೇ ದಿನ. ಕಾಯ್ದೆಯನ್ನ ನಿಮಗಿಂತ ಚೆನ್ನಾಗಿ ಓದಿಕೊಂಡಿರ್ತಾರೆ.

ಪ್ರಶ್ನೆ: ಮೇಲ್ಮನವಿ ಹಾಕಬಹುದಿತ್ತು.

ಉತ್ತರ: ಹಾಕಿದ. ಪಂಚಾಯತಿ ವಿಷಯ ಆದರೆ ಮೊದಲನೇದು ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿ ಸಾಹೇಬರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಅರ್ಜಿದಾರನಿಗೆ ವಾಯಿದೆ ಇದೆ, ಆಯೋಗ ಇಷ್ಟು ದಿನದಲ್ಲಿ ತೀರ್ಮಾನ ಮಾಡಬೇಕು ಅಂತ ಮಾತ್ರ ಕಾಯ್ದೆಯಲ್ಲಿಲ್ಲ. ಸಸಿ ಇಟ್ಟು ಹೋಗಿ, ವಿಚಾರಣೆ ನೋಟಿಸು ಬರೋ ಹೊತ್ತಿಗೆ ಮರ ಹೊಂಬಾಳೆ ಬಿಟ್ಟಿರುತ್ತೆ. ತಪ್ಪು ಸಾಬೀತಾದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ, ಹೆಚ್ಚೆಂದರೆ 25,000.

ಪ್ರಶ್ನೆ: ಅರ್ಜಿ ಚಿಕ್ಕದಾಗಿರಬೇಕು ಅಂತಾರೆ?

ಉತ್ತರ: ಕರ್ನಾಟಕದ ನಿಯಮಕ್ಕೆ 2008ರಲ್ಲಿ ಸೇರಿಸಿದರು: ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಮ್ಮ ಜನ ‘ಸನ್ಮಾನ್ಯ ಅಧಿಕಾರಿಗಳವರ ಘನ ಸನ್ನಿಧಾನಕ್ಕೆ ತಮ್ಮ ವಿಧೇಯನು ಬೇಡಿಕೊಳ್ಳುವ ವಿಜ್ಞಾಪನೆ’ ಮುಗಿಸೋದರೊಳಗೆ ಎಷ್ಟು ಪದ ಖರ್ಚಾಗಿರುತ್ತೆ ಎಣಿಸಿ. ಬೇಡಿಕೊಳ್ಳಬೇಕಾಗಿಲ್ಲ, ಯಾಕೆ ಬೇಕು ಅಂತ ಕಾರಣವನ್ನೂ ಹೇಳಬೇಕಾಗಿಲ್ಲ. ಅದನ್ನ ಹೇಳಿಕೊಟ್ಟವರು ಯಾರೂ ಇಲ್ಲ.

ಪ್ರಶ್ನೆ: ನಿಮ್ಮನ್ನ ಹಿಡಿದುಕೊಂಡು ಬ್ಲ್ಯಾಕ್‌ಮೇಲ್ ಮಾಡೋರೂ ಇದ್ದಾರಂತೆ?

ಉತ್ತರ: ಇದ್ದಾರೆ, ಸುಳ್ಳು ಹೇಳಲ್ಲ. ಬೆಳಿಗ್ಗೆ ಅರ್ಜಿ, ಸಂಜೆ ರಾಜಿ. ಆದರೆ ಬಚ್ಚಿಟ್ಟ ಲೆಕ್ಕ ಇದ್ದರೆ ತಾನೇ ಆ ವ್ಯಾಪಾರ? ಗೋಡೆ ಮೇಲೆ ಬರೆದ ಲೆಕ್ಕವನ್ನ ಮುಚ್ಚಿಡೋಕೆ ಯಾರು ದುಡ್ಡು ಕೊಡ್ತಾರೆ? ಇನ್ನೊಂದು ಕಡೆಯನ್ನೂ ಬರ್ಕೊಳ್ಳಿ. ಪುಣೆ ಹತ್ತಿರ ಭೂಹಗರಣಗಳ ಬೆನ್ನು ಹತ್ತಿದ್ದ ಸತೀಶ್ ಶೆಟ್ಟಿಯವರನ್ನ 2010ರ ಜನವರಿಯಲ್ಲಿ ಕೊಂದರು. ಹತ್ತು ರೂಪಾಯಿಗೆ ಅಷ್ಟು ಬೆಲೆ ತೆತ್ತವರೂ ಇದ್ದಾರೆ.

ಪ್ರಶ್ನೆ: ಈ ಭಾಗದಲ್ಲಿ ಅದಿರು ಲಾರಿಗಳ ಧೂಳಿನದ್ದೇ ಮಾತು. ಗಣಿ ದುಡ್ಡಿನ ಲೆಕ್ಕ?

ಉತ್ತರ: ಚಿತ್ರದುರ್ಗದ ಗಣಿಗಾರಿಕೆಯನ್ನ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ನಿಲ್ಲಿಸಿತ್ತು, ಆಮೇಲೆ ಮತ್ತೆ ಶುರುವಾಯ್ತು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿ ನಡೆಸೋರು ರಾಯಲ್ಟಿ ಜೊತೆಗೆ ಅದಕ್ಕೂ ಕಟ್ಟಬೇಕು, ಆ ಹಣ ಗಣಿಬಾಧಿತ ಊರಿನ ನೀರು, ಆಸ್ಪತ್ರೆ, ಶಾಲೆಗೆ ಹೋಗಬೇಕು. ಯಾವ ಕಾಮಗಾರಿ, ಎಷ್ಟು ಹಣ ಅಂತ ತಾನಾಗೇ ಪ್ರಕಟಿಸಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ. ಧೂಳು ಕುಡಿದವರಿಗೆ ಲೆಕ್ಕ ನೋಡೋ ಹಕ್ಕು ಇರದೆ ಇನ್ಯಾರಿಗೆ?

ಪ್ರಶ್ನೆ: ಈಗ ಖಾಸಗಿ ಮಾಹಿತಿಯ ಹೊಸ ಕಾನೂನೂ ಬಂದಿದೆಯಲ್ಲ?

ಉತ್ತರ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8ಕ್ಕೇ ಕತ್ತರಿ ಹಾಕಿತು. ಮೊದಲು ವೈಯಕ್ತಿಕ ಅಂದರೂ ಅದಕ್ಕೆ ಸಾರ್ವಜನಿಕ ಕೆಲಸದ ನಂಟು ಇದೆಯಾ ಅಂತ ನೋಡಬೇಕಿತ್ತು, ತಿದ್ದುಪಡಿಯಲ್ಲಿ ಆ ಮಾತೇ ಹೋಯ್ತು. ಹೀಗೇ ಆದರೆ ಫಲಾನುಭವಿ ಹೆಸರು ವೈಯಕ್ತಿಕ, ಗುತ್ತಿಗೆದಾರನ ಹೆಸರು ವೈಯಕ್ತಿಕ, ರಸ್ತೆ ಗುಂಡಿ ಮಾತ್ರ ಸಾರ್ವಜನಿಕ.

ಪ್ರಶ್ನೆ: ನಿಮ್ಮ ಆಸೆ ಏನು?

ಉತ್ತರ: ನಿವೃತ್ತಿ. ಸೆಕ್ಷನ್ 4 ಅಂತ ಒಂದಿದೆ. ಬಜೆಟ್ಟು, ಖರ್ಚು, ಫಲಾನುಭವಿ ಪಟ್ಟಿ ಸೇರಿ 17 ಬಾಬ್ತು ಯಾರೂ ಕೇಳದೇ ಪ್ರಕಟಿಸಬೇಕು ಅನ್ನುತ್ತೆ. ಅದಕ್ಕೆ ಕೊಟ್ಟಿದ್ದ ಗಡುವು 120 ದಿನ, 2005ರಲ್ಲಿ! ಅದನ್ನ ನೆಟ್ಟಗೆ ಮಾಡಿದ್ದರೆ ನನ್ನನ್ನ ಕೊಳ್ಳೋರೇ ಇರ್ತಿರಲಿಲ್ಲ. ಅಡಿಕೆ ರೇಟನ್ನ ಅರ್ಜಿ ಹಾಕಿ ಕೇಳ್ತೀರಾ?

ಪ್ರಶ್ನೆ: ಅಲ್ಲಿಯವರೆಗೆ ನಾವೇನು ಮಾಡಬೇಕು?

ಉತ್ತರ: ‘ಯಾಕೆ ಹೀಗೆ ಮಾಡಿದ್ರಿ’ ಅಂತ ಕೇಳಬೇಡಿ. ‘ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಅಂತ ಹಿಂಬರಹ ಕೊಟ್ಟು ಕಡತ ಮುಗಿಸ್ತಾರೆ. ಪ್ರತಿ ಕೇಳಿ: ಅಂದಾಜು ಪಟ್ಟಿ, ಅಳತೆ ಬರೆಯೋ ಎಂ.ಬಿ. ಪುಸ್ತಕ, ಪಾವತಿ ಬಿಲ್ಲು. ಗ್ರಾಮಸಭೆಗೆ ಹೋಗಿ ಅಲ್ಲೇ ಓದಿಸಿ, ಅದಕ್ಕೆ ನನ್ನ ಹತ್ತು ರೂಪಾಯೂ ಬೇಡ. ಆಮೇಲೆ ಮೂರೂ ಕಾಗದ ಹಿಡಿದು ಚರಂಡಿ ಪಕ್ಕ ಟೇಪು ಬಿಡಿ. ಅಡಿಕೆ ಚೀಲದ ತೂಕದಲ್ಲಿ ನೂರು ಗ್ರಾಂ ಬಿಟ್ಟುಕೊಡದ ಊರು, ಸ್ವಾಮಿ. ಚರಂಡಿ ಅಳೆಯೋಕೆ ಬರಲ್ಲ ಅಂದರೆ ಯಾರು ನಂಬ್ತಾರೆ?