ಮತ್ಸ್ಯವಾಹನ ಶೃಂಖಲಾ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳದೆ ಶಾಸ್ತ್ರವನ್ನು ಆರಂಭಿಸಲಾಗದೆಂದು ಪ್ರಾಚೀನರು ವಿಧಿಸಿರುವುದರಿಂದ, ಗಂಗೊಳ್ಳಿಯಲ್ಲಿ ಮೀನು ಮಾರುವವರ ಸೈಕಲ್ಲಿನ ಚೈನೇ ಇಲ್ಲಿ ವಿಷಯವೆಂದೂ, ಗುಜ್ಜಾಡಿ ದಾಟಿ ತ್ರಾಸಿ ಮುಟ್ಟುವವರೆಗೆ ಅದು ಕಳಚದಿರುವುದೇ ಪ್ರಯೋಜನವೆಂದೂ, ಕೈಗೆ ಮಸಿಯಾದರೆ ಅಂಜದವನೇ ಅಧಿಕಾರಿಯೆಂದೂ ಮೊದಲಲ್ಲಿಯೇ ನಿವೇದಿಸುತ್ತೇನೆ. ಸಂಬಂಧವು ಪೆಡಲಿಗೂ ಹಿಂದಿನ ಚಕ್ರಕ್ಕೂ ಇರತಕ್ಕದ್ದು. ಅದನ್ನು ಚೈನೇ ನೋಡಿಕೊಳ್ಳುತ್ತದೆ.

ಹಿಮದೇಶಗಳಲ್ಲಿ ಅಂಗಳದ ಹಿಮವನ್ನು ಎತ್ತಿ ಎಸೆಯುವ ಯಂತ್ರಗಳುಂಟು, ಅವುಗಳಲ್ಲಿ ಕೆಲವಕ್ಕೆ ಚೈನೂ ಉಂಟು. ಅಲ್ಲಿ ಚೈನು ಹಿಮವನ್ನು ಜಯಿಸುತ್ತದೆ. ಸೌಪರ್ಣಿಕಾ, ಚಕ್ರಾ, ವಾರಾಹಿಯೇ ಮೊದಲಾದ ಐದು ಹೊಳೆಗಳು ಕೂಡಿ ಕಡಲಿಗಿಳಿಯುವ ನಮ್ಮ ಅಳಿವೆಯ ದಡದಲ್ಲಿ ಆಕಾಶದಿಂದ ಹಿಮ ಬೀಳುವ ವಾಡಿಕೆ ಇಲ್ಲವಾದರೂ, ಬಂದರಿನಲ್ಲಿ ಬಂಗುಡೆಯ ಮೇಲೆ ಸುರಿದ ಐಸಿನ ಪುಡಿಯು ಕ್ಯಾರಿಯರಿಗೆ ಕಟ್ಟಿದ ಪೆಟ್ಟಿಗೆಯೊಳಗೆ ಕರಗಿ, ಮೀನಿನ ಉಪ್ಪನ್ನೂ ನೆತ್ತರನ್ನೂ ಹೊತ್ತು, ಬಲಮೂಲೆಯ ತೂತಿನಿಂದ ತೊಟ್ಟುತೊಟ್ಟಾಗಿ ಫ್ರೀವೀಲಿನ ಮೇಲೆಯೇ ಇಳಿಯುವುದರಿಂದ, ಇಲ್ಲಿ ಹಿಮವೇ ಚೈನನ್ನು ಜಯಿಸುತ್ತದೆ.

ಇನ್ನು ಪೂರ್ವಪಕ್ಷ. "ಹ್ವಾಯ್, ಚೈನ್ ಎಳ್ದ್ ಉದ್ದ ಆಯ್ತ್, ಒಂಚೂರ್ ಬಿಗಿ ಮಾಡಿ ಕೊಡಿ ಮಾರಾಯ್ರೆ" ಎಂಬ ಲೋಕೋಕ್ತಿಯನ್ನು ಆಧರಿಸಿ, ಉಕ್ಕು ರಬ್ಬರಿನಂತೆ ಹಿಗ್ಗುತ್ತದೆಂದು ವಾದಿಸುವವರಿದ್ದಾರೆ. ತನ್ನಿಮಿತ್ತ ಸಿದ್ಧಾಂತ: 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನೊಲ್ಡನೆಂಬ ಸೂತ್ರಕಾರನು ನಿರ್ಮಿಸಿಕೊಟ್ಟ ಚೈನಿನಲ್ಲಿ ಪಿನ್ನು, ಬುಷ್ಷು, ರೋಲರುಗಳು ಪ್ರತಿ ಕೀಲಿನಲ್ಲಿಯೂ ಒಂದರೊಳಗೊಂದು ಕುಳಿತಿರುವುವು, ತುಕ್ಕು ಮರಳುಗಳ ಸಹವಾಸದಿಂದ ಪಿನ್ನೂ ಬುಷ್ಷೂ ಕೂದಲೆಳೆಯಷ್ಟು ಸವೆದು, ಆ ಸವಕಲುಗಳೆಲ್ಲ ಕೂಡಿ ಉದ್ದವಾಗಿ ಕಾಣಿಸುವುವೇ ಹೊರತು ಚೈನು ಹಿಗ್ಗುವುದೇ ಇಲ್ಲ. ಪ್ರಮಾಣ ಬೇಕೆಂಬವರು ಸ್ಕೇಲು ಹಿಡಿಯಲಿ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚಾದುದರಿಂದ 24 ಅಂತರಗಳಿಗೆ ಸರಿಯಾಗಿ 12 ಇಂಚು ಬರಬೇಕು. ಅರೆಕಾಲು ಇಂಚು ಮಿಕ್ಕಿತೆಂದರೆ ಅಂತಹ ಚೈನಿಗೆ ಮೋಕ್ಷವೇ ಗತಿ, ಮತ್ತು ಅದರೊಡನೆ ಸವೆದ ಹಲ್ಲುಗಳನ್ನೂ ಶಂಕಿಸತಕ್ಕದ್ದು.

ಅಷ್ಟು ಮಿಕ್ಕಿರದಿದ್ದರೆ ಹಿಂದಿನ ಆಕ್ಸಲಿನ ಎರಡೂ ನಟ್ಟುಗಳನ್ನು ಸಡಿಲಿಸಿ, ರಿಮ್ಮು ನಡುವಿನಿಂದ ಓರೆಯಾಗದಂತೆ ಚಕ್ರವನ್ನು ಹಿಂದಕ್ಕೆಳೆದು ಬಿಗಿಯಬೇಕು. ಹಲ್ಲುಚಕ್ರಗಳು ಪರಿಪೂರ್ಣ ವೃತ್ತಗಳೆಂಬುದು ಜ್ಯಾಮಿತಿಯ ಭ್ರಮೆಯಾದ ಕಾರಣ, ಪೆಡಲನ್ನು ನಿಧಾನವಾಗಿ ತಿರುಗಿಸಿ ಚೈನು ಅತ್ಯಂತ ಬಿಗಿಯಾಗುವ ಜಾಗವನ್ನು ಕಂಡುಹಿಡಿದು, ಅಲ್ಲಿಯೂ ಅದು ಬೆರಳಿಗೆ ಅರ್ಧ ಇಂಚು ಮೇಲೆ ಕೆಳಗೆ ಆಡುವಂತೆ ಬಿಡುವುದು. ತಂತಿಯಂತೆ ಬಿಗಿದವನು ಬೇರಿಂಗಿಗೆ ದ್ರೋಹ ಬಗೆಯುತ್ತಾನೆ. ಚೈನ್ ಲಾಕಿನ ಬಾಯಿ ಚೈನು ಓಡುವ ದಿಕ್ಕಿಗೆ ಹಿಂದಾಗಿರಬೇಕೆಂಬುದರಲ್ಲಿ ಮತಭೇದವಿಲ್ಲ.

ಎಣ್ಣೆಯ ವಿಷಯದಲ್ಲಿ ತೆಂಗಿನೆಣ್ಣೆಯವರಿಗೂ ಬೋಟಿನ ಸುಟ್ಟ ಆಯಿಲಿನವರಿಗೂ ದೀರ್ಘ ವಿವಾದವಿದ್ದು, ಅದಕ್ಕೆ ಪ್ರತ್ಯೇಕ ಸಂಪುಟವೇ ಬೇಕಾದೀತು. ಪೆಟ್ಟಿಗೆಯನ್ನೇ ತಿರುಗಿಸಿ, ನೀರಿಳಿಯುವ ತೂತು ಎಡಕ್ಕೆ ಬರುವಂತೆ ಕಟ್ಟಿದರೆ ಇದೆಲ್ಲ ಬೇಡವೇ ಬೇಡವೆಂದು ಸೈಕಲ್ ಅಂಗಡಿಯ ಹುಡುಗನೊಬ್ಬನ ಮತ. ಅವನಿಗೆ ಶಾಸ್ತ್ರಾಭ್ಯಾಸವಿಲ್ಲ.